ಎದೆಯೊಳಗಿನ ತಲೆಕೆಳಗು ಮರ

ನಮ್ಮ ಶ್ವಾಸಕೋಶ ತಲೆಕೆಳಗಾಗಿ ನಿಂತ ಮರದಂತಿದೆ. ಶ್ವಾಸನಾಳವೇ ಅದರ ಬೊಡ್ಡೆ. ಅದು ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಬಾರಿ ಕವಲೊಡೆದು ಕೊನೆಗೆ ಪುಟ್ಟ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ದೊಡ್ಡವರ ಎದೆಯಲ್ಲಿ ಇಂಥ ಗೂಡುಗಳು 30 ಕೋಟಿಗೂ ಹೆಚ್ಚು. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಒಂದು ಚಿಕ್ಕ ಮನೆಯ ನೆಲದಷ್ಟು!

ಎಲ್ಲಿ ಕವಲೊಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಈ ಮರಕ್ಕೆ ಹೇಳುವವರು ಯಾರು? 'ಗ್ರೋತ್ ಫ್ಯಾಕ್ಟರ್' ಎಂಬ ಪ್ರೋಟೀನುಗಳು. ಒಂದು ಜೀವಕೋಶ ಇವನ್ನು ಸ್ರವಿಸುತ್ತದೆ. ಪಕ್ಕದ ಕೋಶದ ಮೇಲಿನ ಗ್ರಾಹಕದಲ್ಲಿ ಇವು ಬೀಗದೊಳಗೆ ಕೀಲಿಯಂತೆ ಕೂರುತ್ತವೆ. ಆಗ ಆ ಕೋಶ ವಿಭಜಿಸುತ್ತದೆ, ಇಲ್ಲವೇ ಜಾಗ ಬದಲಿಸುತ್ತದೆ. ಇಂಥ ಒಂದು ಪ್ರೋಟೀನನ್ನು ಅಮೆರಿಕದ ಸ್ಟಾನ್ಲಿ ಕೋಹೆನ್ 1962ರಲ್ಲಿ ಬೇರ್ಪಡಿಸಿದರು. ಅದನ್ನು ಚುಚ್ಚಿದಾಗ ಇಲಿಮರಿಗಳು ಅವಧಿಗೆ ಮುಂಚೆಯೇ ಕಣ್ಣು ತೆರೆದವು. 1986ರಲ್ಲಿ ಕೋಹೆನ್ ಮತ್ತು ಇಟಲಿ ಮೂಲದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ ನೊಬೆಲ್ ಬಹುಮಾನ ಬಂತು.

ಗರ್ಭದ ನಾಲ್ಕನೆಯ ವಾರ ಅನ್ನನಾಳವಾಗಲಿರುವ ಕೊಳವೆಯಿಂದ ಮೊಗ್ಗೊಂದು ಹೊರಡುತ್ತದೆ. ಸುತ್ತಲಿನ ಅಂಗಾಂಶ ಎಲ್ಲಿ ಎಫ್‌ಜಿಎಫ್-10 ಎಂಬ ಕಾರಕವನ್ನು ಸೂಸುತ್ತದೋ ಮೊಗ್ಗು ಅತ್ತ ಬೆಳೆಯುತ್ತದೆ. ಇದರ ಸುಳಿವು ಕೊಟ್ಟದ್ದು ಹಣ್ಣುನೊಣ. ಅದಕ್ಕೆ ಶ್ವಾಸಕೋಶವಿಲ್ಲ, ಗಾಳಿ ಕೊಳವೆಗಳಷ್ಟೇ. ಅವು ಕವಲೊಡೆಯಲು ಇದೇ ಜಾತಿಯ ಒಂದು ಕಾರಕ ಬೇಕೆಂದು 1996ರಲ್ಲಿ ತಿಳಿಯಿತು. 1998ರಲ್ಲಿ ಎಫ್‌ಜಿಎಫ್-10 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಶ್ವಾಸನಾಳವಿತ್ತು, ಶ್ವಾಸಕೋಶವೇ ಇರಲಿಲ್ಲ! ಮರಿಗಳು ಹುಟ್ಟಿದೊಡನೆ ಸತ್ತವು.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಕಷ್ಟ ಇಲ್ಲಿಯೇ ಇದೆ. ಮರಕ್ಕೆ ಕೊಂಬೆ ಬಂದಿದೆ, ಎಲೆ ಬಂದಿಲ್ಲ. ಉಳಿಸಲು ಕೊಡುವ ಆಮ್ಲಜನಕ ಮತ್ತು ಕೃತಕ ಉಸಿರಾಟವೇ ಎಳೆಯ ಅಂಗಾಂಶವನ್ನು ಗಾಸಿಗೊಳಿಸಬಹುದೆಂದು 1967ರಲ್ಲಿ ಅಮೆರಿಕದ ವೈದ್ಯ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು ತೋರಿಸಿದರು. ಅಂಥ ಮಕ್ಕಳಲ್ಲಿ ರಕ್ತನಾಳ ಬೆಳೆಸುವ ವಿಇಜಿಎಫ್ ಕಡಿಮೆಯಾಗಿ, ನಾರು ಹೆಣೆಯುವ ಟಿಜಿಎಫ್-ಬೀಟಾ ಹೆಚ್ಚುತ್ತದೆ. ಗಾಳಿಗೂಡುಗಳು ಕೆಲವೇ ಆಗಿ ಉಳಿಯುತ್ತವೆ.

ದೊಡ್ಡವರಲ್ಲಿ ಟಿಜಿಎಫ್-ಬೀಟಾ ಗಾರೆ ಕೆಲಸದವನಿದ್ದಂತೆ. ಬಿರುಕು ಮುಚ್ಚಿ ಹೊರಟರೆ ಒಳ್ಳೆಯದು. ಕಲ್ಲುಪುಡಿ ದಿನವೂ ಒಳಹೊಕ್ಕು ಗಾಯ ಮಾಡುತ್ತಿದ್ದರೆ ಅವನು ಗಾರೆ ಮೆತ್ತುತ್ತಲೇ ಇರುತ್ತಾನೆ, ಶ್ವಾಸಕೋಶ ಗಡುಸಾಗುತ್ತದೆ. ಕಾರಣ ಗೊತ್ತಾಗದ ಇಂಥದೇ ಗಡುಸುರೋಗಕ್ಕೆ 2014ರಲ್ಲಿ ಅಮೆರಿಕ ಒಪ್ಪಿದ ನಿಂಟೆಡಾನಿಬ್ ಮಾತ್ರೆ ಮೂರು ಬಗೆಯ ಕಾರಕಗಳ ಗ್ರಾಹಕಗಳನ್ನು ತಡೆಯುತ್ತದೆ. ಅದು ರೋಗದ ವೇಗ ತಗ್ಗಿಸುತ್ತದೆ, ಗುಣಪಡಿಸುವುದಿಲ್ಲ.

ಹಾಗಾದರೆ ಗಾಸಿಗೊಂಡ ಶ್ವಾಸಕೋಶಕ್ಕೆ ಬೆಳೆಸುವ ಕಾರಕವನ್ನೇ ಚುಚ್ಚಬಾರದೇಕೆ? ಅದನ್ನೂ ಮಾಡಿ ನೋಡಿದ್ದಾರೆ. ತೀವ್ರ ಉಸಿರಾಟದ ವೈಫಲ್ಯದ ರೋಗಿಗಳ ಮೇಲಿನ ಅಂಥ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಪ್ರಯೋಜನವಾಗಲಿಲ್ಲ. ಎಷ್ಟು ಎಂಬುದರಷ್ಟೇ ಎಲ್ಲಿ, ಯಾವಾಗ ಎಂಬುದೂ ಮುಖ್ಯ.

ತಂದೆತಾಯಿಗಳು ನೆನಪಿಡಬೇಕಾದ ಮಾತೊಂದಿದೆ. ಹೆಚ್ಚಿನ ಗಾಳಿಗೂಡುಗಳು ಮೂಡುವುದು ಮಗು ಹುಟ್ಟಿದ ಮೇಲೆ. ಅದರಲ್ಲೂ ಮೊದಲ ಎರಡು ಮೂರು ವರ್ಷಗಳಲ್ಲಿ. ಆ ದಿನಗಳಲ್ಲಿ ಮನೆಯೊಳಗೆ ಹಚ್ಚಿದ ಬೀಡಿ, ಸಿಗರೇಟಿನ ಹೊಗೆ ತಾಗುವುದು ಇನ್ನೂ ಚಿಗುರುತ್ತಿರುವ ಮರಕ್ಕೆ.