ಬ್ರಿಟನ್‌ನಲ್ಲಿ ಸ್ಟಿಯರಿಂಗ್ ಹಿಡಿಯುವವರಿಗೆ ಅಂಜಿಕೆ ಬೇಡ

ಉದ್ಯೋಗ ನಿಮಿತ್ತ ಮುಂಬಯಿಯಿಂದ ಬ್ರಿಟನ್‌ಗೆ ತೆರಳುವ ಕನ್ನಡಿಗರ ಮಕ್ಕಳು ಅಲ್ಲಿ ಕಾರು ಚಲಾಯಿಸಲು ಅಂಜುವುದು ಸಹಜ. ಲೋಕಲ್ ರೈಲು, ಬೆಸ್ಟ್ ಬಸ್ಸುಗಳನ್ನೇ ನಂಬಿ ಬೆಳೆದವರಿಗೆ, ಬಸ್ಸು ವಿರಳವಾದ ಸಣ್ಣ ಊರಿನಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗುವುದೂ ಕಷ್ಟ.

ಭಾರತದಂತೆಯೇ ಅಲ್ಲಿಯೂ ಎಡಬದಿಯ ಸಂಚಾರ ಎಂಬುದು ಸಮಾಧಾನದ ಸಂಗತಿ. ಆದರೆ ಭಾರತದ ಲೈಸನ್ಸ್ ಅಲ್ಲಿ ನೆಲೆಸಿದ ಬಳಿಕ 12 ತಿಂಗಳು ಮಾತ್ರ ನಡೆಯುತ್ತದೆ. ಅನಂತರ ಪರೀಕ್ಷೆ ಪಾಸಾಗಲೇಬೇಕು. ಕೊನೆಯ ತಿಂಗಳವರೆಗೆ ಕಾಯುವುದು ತರವಲ್ಲ.

ಹೊಸದಾಗಿ ಕಲಿಯುವವರಿಗೆ ಪ್ರೊವಿಷನಲ್ ಲೈಸನ್ಸ್, ವಿಮೆ, 'ಎಲ್' ಫಲಕ ಕಡ್ಡಾಯ. ಪಕ್ಕದಲ್ಲಿ ಕೂರುವವರು 21 ವರ್ಷ ಮೀರಿದ್ದು, ಅಲ್ಲಿ ಮಾನ್ಯವಾದ ಪೂರ್ಣ ಲೈಸನ್ಸನ್ನು 3 ವರ್ಷಗಳಿಂದ ಹೊಂದಿರಬೇಕು. ಭಾರತದ ಲೈಸನ್ಸ್ ಮಾತ್ರ ಇರುವ ಪತಿ ಕುಳಿತರೆ ಸಾಲದು.

ಮೊದಮೊದಲು ಭಾನುವಾರದ ಮುಂಜಾನೆ, ವಾಹನ ಕಡಿಮೆ ಇರುವ ರಸ್ತೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡುವುದು ಉತ್ತಮ. ವೃತ್ತಗಳಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಜೀಬ್ರಾ ಪಟ್ಟಿಯಲ್ಲಿ ಪಾದಚಾರಿಗೇ ಆದ್ಯತೆ. ಸಿಟ್ಟಿಗೆ ಹಾರ್ನ್ ಬಾರಿಸುವ ಮುಂಬಯಿ ಅಭ್ಯಾಸ ಅಲ್ಲಿ ಸಲ್ಲದು. ಎಂಜಿನ್ ಆಫ್ ಆದರೆ ಗಾಬರಿಪಡದೆ, ಬ್ರೇಕ್ ಹಿಡಿದು, ಸುತ್ತ ನೋಡಿ ಮತ್ತೆ ಸ್ಟಾರ್ಟ್ ಮಾಡಿದರಾಯಿತು.

ಸುಮಾರು 40 ನಿಮಿಷಗಳ ಪರೀಕ್ಷೆಯಲ್ಲಿ 15ರವರೆಗೆ ಸಣ್ಣ ತಪ್ಪುಗಳಿಗೆ ವಿನಾಯಿತಿಯಿದೆ. ಒಂದೇ ಗಂಭೀರ ತಪ್ಪಾದರೂ ಅನುತ್ತೀರ್ಣ. ಪರೀಕ್ಷೆಗೆ ಹೋದವರಲ್ಲಿ ಅರ್ಧದಷ್ಟು ಮಂದಿ ಪಾಸಾಗುವುದಿಲ್ಲ. ಆದುದರಿಂದ ಊರಿನ ಹೆತ್ತವರು ಫೋನಿನಲ್ಲಿ ಫಲಿತಾಂಶಕ್ಕಿಂತ ಮೊದಲು ಯೋಗಕ್ಷೇಮ ವಿಚಾರಿಸಿದರೆ, ಮರುಪರೀಕ್ಷೆಗೆ ಅದೇ ದೊಡ್ಡ ಧೈರ್ಯ.