ಬೀನ್ಸಿನೊಳಗಿನ ನೀರು

ಕಳೆದ ಸೆಮಿಸ್ಟರಿನಲ್ಲಿ ಕಾಲೇಜಿನಲ್ಲಿ ರಕ್ತದಾನ ಶಿಬಿರ ಇತ್ತಲ್ಲ, ಅಲ್ಲಿಗೆ ನಮ್ಮ ರೂಮಿನ ನಾಲ್ಕೂ ಜನ ಎದೆಯುಬ್ಬಿಸಿಕೊಂಡು ಹೋಗಿದ್ದೆವು. ಇಬ್ಬರನ್ನು ವಾಪಸ್ ಕಳಿಸಿದರು. ರಕ್ತ ಕೊಡಬೇಕಾದರೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಆದರೂ ಇರಬೇಕಂತೆ. ನಮ್ಮಲ್ಲೊಬ್ಬನದು 11.8, ಇನ್ನೊಬ್ಬನದು 12.1. "ಏನಪ್ಪಾ ತಿಂತೀರಿ ನೀವು?" ಅಂತ ಡಾಕ್ಟರ್ ಕೇಳಿದರು. ಬೆಳಿಗ್ಗೆ ಟೀ-ಬನ್ನು, ಮಧ್ಯಾಹ್ನ ರೈಸ್ ಬಾತ್, ರಾತ್ರಿ ನೂಡಲ್ಸ್. ತರಕಾರಿ? ರೈಸ್ ಬಾತಿನಲ್ಲಿ ಸಿಗುವ ಕ್ಯಾರೆಟ್ ತುಂಡು, ಅದನ್ನೂ ತಟ್ಟೆಯ ಅಂಚಿಗೆ ಸರಿಸ್ತೀವಿ. ಕಾರಣ ತಿಳಿಯಲು ಇನ್ನಷ್ಟು ಟೆಸ್ಟ್ ಮಾಡಿಸಿ, ಕೊಟ್ಟ ಮಾತ್ರೆ ತಗೊಳ್ಳಿ, ಸೊಪ್ಪು, ಕಾಳು, ತರಕಾರಿ ತಿನ್ನಿ ಎಂದು ಹೇಳಿ ಬಿಸ್ಕತ್ತೂ ಕೊಡದೆ ಕಳಿಸಿದರು.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಆಲೂಗಡ್ಡೆ ಸೇರುವುದಿಲ್ಲ, ಹಾಗಾಗಿ ಚಿಪ್ಸ್ ವಾದ ಅಲ್ಲೇ ಬಿದ್ದುಹೋಯಿತು. ರೂಮಿನಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರ್, ಅಜ್ಜಿ ಮನೆಯಿಂದ ಬಂದ ಒಂದು ಕಬ್ಬಿಣದ ಬಾಣಲೆ. ಮರುದಿನವೇ ಒಂದು ಕೆಜಿ ಬೀನ್ಸ್ ತಂದು, ಅಷ್ಟನ್ನೂ ಬಾಣಲೆಗೆ ಸುರಿದು ಒಗ್ಗರಣೆ ಕೊಟ್ಟೆವು. ಅರ್ಧ ಗಂಟೆ ಆದ ಮೇಲೆ ಸಿಕ್ಕಿದ್ದು ಮೆಸ್ಸಿನ ಪಲ್ಯವೇ! ಬೂದುಹಸಿರು ಬಣ್ಣ, ತಳದಲ್ಲಿ ನೀರು, ಒದ್ದೆ ಬಟ್ಟೆಯ ವಾಸನೆ. ನಮಗೆ ಆಗದೇ ಇದ್ದದ್ದು ತರಕಾರಿಯಲ್ಲ, ಈ ಒದ್ದೆತನ ಅನ್ನುವುದು ಅವತ್ತು ಹೊಳೆಯಿತು.

ಇದು ಶುದ್ಧ ಥರ್ಮೋಡೈನಮಿಕ್ಸ್ ಮಾರಾಯ್ರೆ. ಬೀನ್ಸಿನ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ಮೇಲ್ಮೈಯಲ್ಲಿ ನೀರು ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ದೋಸೆ ಕೆಂಪಗಾಗುವಾಗ, ಕಾಫಿ ಬೀಜ ಹುರಿಯುವಾಗ ಬರುವ ಘಮ ಇದೆಯಲ್ಲ, ಅದರ ಹಿಂದಿರುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ. ಸಕ್ಕರೆ ಅಂಶವೂ ಅಮೈನೊ ಆಮ್ಲವೂ ಸೇರಿ ನಡೆಯುವ ಈ ಮೈಯಾರ್ ಕ್ರಿಯೆ ಜೋರಾಗುವುದು 140 ಡಿಗ್ರಿ ಆಸುಪಾಸಿನಲ್ಲಿ. ಅಂದರೆ ನೀರು ಹೋಗುವ ತನಕ ರುಚಿ ಬಾಗಿಲಲ್ಲೇ ಕಾಯುತ್ತಿರುತ್ತದೆ.

ನೀರನ್ನು ಕಳಿಸುವುದು ಸುಲಭವಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2260 ಜೂಲ್ ಬೇಕು. 250 ಗ್ರಾಂ ಬೀನ್ಸಿನಿಂದ 60 ಗ್ರಾಂ ನೀರು ಓಡಿಸಬೇಕು ಅಂದುಕೊಳ್ಳಿ. ಬೀನ್ಸ್ ಕಾಯಿಸಲು 78 ಕಿಲೋಜೂಲ್, ನೀರು ಆವಿಯಾಗಲು 136. ಒಲೆಯಿಂದ ತರಕಾರಿಗೆ ನಿಜವಾಗಿ 600 ವ್ಯಾಟ್ ಮುಟ್ಟುತ್ತದೆ ಅಂತ ಇಟ್ಟುಕೊಂಡರೆ ಆರು ನಿಮಿಷ. ಒಂದು ಕೆಜಿ ಸುರಿದರೆ ಇಪ್ಪತ್ನಾಲ್ಕು ನಿಮಿಷ, ಅಷ್ಟು ಹೊತ್ತೂ ಮೇಲಿನ ಬೀನ್ಸ್ ಕೆಳಗಿನವುಗಳ ಹಬೆಯಲ್ಲಿ ಬೇಯುತ್ತಾ ಕೂತಿರುತ್ತದೆ. ನಾವು ಮಾಡಿದ್ದು ಹುರಿಯುವ ಕೆಲಸವಲ್ಲ, ಮುಚ್ಚಳವಿಲ್ಲದ ಇಡ್ಲಿ ಪಾತ್ರೆಯ ಕೆಲಸ.

ಇದೇ ಬೀನ್ಸಿಗೆ ಚೀನಾದ ನೈಋತ್ಯದಲ್ಲಿರುವ ಸಿಚುವಾನ್ ಪ್ರಾಂತ್ಯದವರು ಒಂದು ದಾರಿ ಹುಡುಕಿಟ್ಟಿದ್ದಾರೆ. ಅದಕ್ಕೆ ಅವರು 'ಗಾನ್ ಬಿಯೆನ್' ಅನ್ನುತ್ತಾರೆ. ಗಾನ್ ಅಂದರೆ ಒಣ. ಒಣಗಿಸುತ್ತಾ ಹುರಿಯುವುದು ಅಂತಿಟ್ಟುಕೊಳ್ಳಿ. ಹೋಟೆಲುಗಳಲ್ಲಿ ಬೀನ್ಸನ್ನು ಎಣ್ಣೆಯಲ್ಲಿ ಕರಿದುಬಿಡುತ್ತಾರೆ, ನಿಧಾನದ ದಾರಿಯಲ್ಲಿ ಎರಡು ಚಮಚ ಎಣ್ಣೆ ಸಾಕು. ನಾವು ಮಾಡುವ ಕ್ರಮ ಹೀಗಿದೆ. ತೊಳೆದ ಬೀನ್ಸನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು (ಮೇಲಿನ ಲೆಕ್ಕ ಓದಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ). ಎರಡು ಇಂಚಿನ ತುಂಡು ಮಾಡಿ, ಒಂದೇ ಪದರ ಆಗುವಷ್ಟು ಮಾತ್ರ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಹತ್ತು-ಹನ್ನೆರಡು ನಿಮಿಷ ಕೈಯಾಡಿಸಬೇಕು. ಉಪ್ಪು ಈಗಲೇ ಬೇಡ, ಅದು ನೀರು ಬಿಡಿಸುತ್ತದೆ. ಸಿಪ್ಪೆ ಸುಕ್ಕಾಗಿ ಅಲ್ಲಲ್ಲಿ ಕಂದು ಗುಳ್ಳೆ ಎದ್ದ ಮೇಲೆ ಒಂದು ತುಂಡು ಕಚ್ಚಿ ನೋಡಿ, ಒಳಗೆ ಪೂರ್ತಿ ಬೆಂದಿರಬೇಕು. ಅರೆಬೆಂದ ಬೀನ್ಸಿನಲ್ಲಿ ಉಳಿಯುವ ಲೆಕ್ಟಿನ್ ಹೊಟ್ಟೆ ಕೆಡಿಸುತ್ತದೆ, ಇದು ತಮಾಷೆಯಲ್ಲ. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಮುರಿದ ಒಣಮೆಣಸು ಹಾಕಿ ಅರ್ಧ ನಿಮಿಷ, ಕೊನೆಗೆ ಒಂದು ಚಮಚ ಸೋಯಾ ಸಾಸ್. ಸಿಚುವಾನಿನಲ್ಲಿ ಹಂದಿ ಮಾಂಸದ ಪುಡಿಯನ್ನೂ ಉಪ್ಪಿನಲ್ಲಿ ಹುದುಗಿಸಿದ ಸಾಸಿವೆ ಗಿಡದ ದಂಟನ್ನೂ ಹಾಕುತ್ತಾರೆ. ನಮಗೆ ಅದೆಲ್ಲ ಎಲ್ಲಿಂದ ಬರಬೇಕು? ಮೆಣಸು ಹೊತ್ತದಂತೆ ಮಾತ್ರ ನೋಡಿಕೊಳ್ಳಿ. ನಾವು ಒಮ್ಮೆ ಹೊತ್ತಿಸಿ, ಮೂರನೇ ಮಹಡಿ ಪೂರ್ತಿ ಕೆಮ್ಮುತ್ತಾ ಕೆಳಗಿಳಿದಿತ್ತು.

ಇದಕ್ಕೆ ಇನ್ನೊಂದು ಮುಖ್ಯ ಸಾಮಾನು ಸಿಚುವಾನ್ ಪೆಪ್ಪರ್. ಬಾಯಿ ಜುಮ್ಮೆನ್ನಿಸುವ ಕಾಳು. ಆನ್‌ಲೈನಿನಲ್ಲಿ ಅದರ ಬೆಲೆ ನೋಡಿ ಕೈಬಿಟ್ಟಿದ್ದೆವು. ಆಗ ಕುಮಟಾದ ನಮ್ಮ ರೂಮ್‌ಮೇಟ್ ಊರಿಗೆ ಹೋಗಿ ಬರುವಾಗ ಒಂದು ಪೊಟ್ಟಣ ತಂದ. ಒಳಗಿದ್ದದ್ದು ಜುಮ್ಮನಕಾಯಿ. ಕೊಂಕಣಿಯವರು ತೆಪ್ಪಲ್, ತಿರ್ಫಳ ಅನ್ನುತ್ತಾರೆ, ಅವರ ಮನೆಯಲ್ಲಿ ಬಂಗುಡೆ ಸಾರಿಗೆ ಅದಿಲ್ಲದೆ ಆಗುವುದೇ ಇಲ್ಲ. ಸಿಚುವಾನ್ ಪೆಪ್ಪರ್ ಮತ್ತು ಜುಮ್ಮನಕಾಯಿ ಎರಡೂ ಜ್ಯಾಂಥೋಕ್ಸೈಲಮ್ ಅನ್ನುವ ಒಂದೇ ಕುಲದವು, ದಾಯಾದಿಗಳು. ಎರಡರಲ್ಲೂ ಕರಿ ಬೀಜ ಎಸೆದು ಹೊರಗಿನ ಸಿಪ್ಪೆ ಬಳಸಬೇಕು. ನಾಲ್ಕೈದು ಸಿಪ್ಪೆ ಜಜ್ಜಿ ಹಾಕಿದೆವು, ತುಟಿ ಜುಮ್ ಅಂತು!

ಆ ಜುಮ್ಮಿನ ಬಗ್ಗೆ ಓದಿದ ದಿನ ನಮ್ಮ ರೂಮಿನ ಎಲೆಕ್ಟ್ರಿಕಲ್ ಬ್ರಾಂಚಿನವನಿಗೆ ನಿದ್ದೆ ಬರಲಿಲ್ಲ. ಲಂಡನ್ನಿನ ಸಂಶೋಧಕರು ಜನರ ತುಟಿಗೆ ಸಿಚುವಾನ್ ಪೆಪ್ಪರ್ ಹಚ್ಚಿ, ಬೆರಳಿಗೆ ಯಂತ್ರದಿಂದ ಕಂಪನ ಕೊಟ್ಟು, ಎರಡೂ ಒಂದೇ ಥರ ಅನ್ನಿಸುವುದು ಯಾವಾಗ ಅಂತ ಕೇಳಿದರು. ಉತ್ತರ ಸುಮಾರು 50 ಹರ್ಟ್ಸ್ ಹತ್ತಿರ ಬಂತು. 2013ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಾಳಿನಲ್ಲಿರುವ ಸ್ಯಾನ್‌ಶೂಲ್ ಎಂಬ ರಾಸಾಯನಿಕ ಸ್ಪರ್ಶದ ನರಗಳನ್ನೇ ಎಬ್ಬಿಸುತ್ತದೆ. 50 ಹರ್ಟ್ಸ್ ಅಂದರೆ ನಮ್ಮ ಗೋಡೆಯ ಪ್ಲಗ್ಗಿನ ಫ್ರೀಕ್ವೆನ್ಸಿ. ತೆಪ್ಪಲ್ ತಿಂದಾಗ ಕರೆಂಟ್ ಹೊಡೆದ ಹಾಗಾಗುತ್ತೆ ಅಂತ ಅವನು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಸೊಪ್ಪಿನ ವಿಷಯದಲ್ಲಿ ನೀರಿನ ಜೊತೆ ಹೋರಾಡಿ ಗೆಲ್ಲುವುದು ಕಷ್ಟ. ಅದಕ್ಕೇ ಜಪಾನಿನವರು ಅದನ್ನು ಹಿಂಡಿಬಿಡುತ್ತಾರೆ. ಪಾಲಕ್ ಕಟ್ಟನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಎರಡೂ ಕೈಯಲ್ಲಿ ಹಿಂಡಿ, ಹುರಿದು ಕುಟ್ಟಿದ ಎಳ್ಳು, ಸೋಯಾ ಸಾಸ್, ಚಿಟಿಕೆ ಸಕ್ಕರೆ ಕಲಸಿದರೆ 'ಗೋಮಾ ಆಎ'. ಗೋಮಾ ಅಂದರೆ ಎಳ್ಳು. ಧಾರವಾಡದ ಗೆಳೆಯ ಎಳ್ಳಿನ ಬದಲು ಮನೆಯ ಗುರೆಳ್ಳು ಚಟ್ನಿಪುಡಿ ಉದುರಿಸಿದ. ಜಪಾನಿನವರು ಒಪ್ಪುತ್ತಾರೋ ಇಲ್ಲವೋ, ರೊಟ್ಟಿ ಜೊತೆ ಅದೇ ವಾಸಿ.

ಬದನೆಕಾಯಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಬನಾನ್, ಸಿರಿಯಾ ಕಡೆಯ ಬಾಬಾ ಗನೂಶ್‌ಗೆ ಬೆಂಕಿಯಲ್ಲಿ ಸುಟ್ಟ ಬದನೆ, ಎಳ್ಳಿನ ಪೇಸ್ಟ್, ನಿಂಬೆ, ಬೆಳ್ಳುಳ್ಳಿ ಬೇಕು. ನಮ್ಮ ಸುಟ್ಟ ಬದನೆ ಗೊಜ್ಜಿನ ಹತ್ತಿರದ ನೆಂಟ. ಇಂಡಕ್ಷನ್ನಿನಲ್ಲಿ ಬೆಂಕಿ ಇಲ್ಲವಾದ್ದರಿಂದ ಕೆಳಗಿನ ಮನೆಯ ಆಂಟಿಯ ಗ್ಯಾಸ್ ಒಲೆಯೇ ಗತಿ. ಬಾಡಿಗೆ ಸರಿಯಾಗಿ ಕೊಟ್ಟ ತಿಂಗಳು ಮಾತ್ರ ಕೇಳಬಹುದು.

ಇನ್ನು ಹಿಮೋಗ್ಲೋಬಿನ್ ವಿಷಯ. ಪಾಲಕ್‌ನಲ್ಲಿ ಕಬ್ಬಿಣ ಇದೆ ನಿಜ, ಆದರೆ ಸಸ್ಯದ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಮೇಲೆ ನಿಂಬೆ ಹಿಂಡಿದರೆ ವಿಟಮಿನ್ ಸಿ ನೆರವಾಗುತ್ತದೆ. ಊಟದ ಜೊತೆ ಟೀ ಕುಡಿದರೆ ಅದರ ಟ್ಯಾನಿನ್ ತಡೆಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ, ಹುಣಸೆಯಂಥ ಹುಳಿ ಪದಾರ್ಥ ಮಾಡಿದರೆ ಸ್ವಲ್ಪ ಕಬ್ಬಿಣ ಅಡುಗೆಗೂ ಇಳಿಯುತ್ತದೆ. ಇಂಡಕ್ಷನ್ನಿಗೆ ಅಲ್ಯೂಮಿನಿಯಂ ಆಗುವುದಿಲ್ಲ, ಕಬ್ಬಿಣ ಆಗುತ್ತದೆ. ಅಜ್ಜಿಗೆ ಇದು ಮೊದಲೇ ಗೊತ್ತಿತ್ತೇನೋ ಅನ್ನಿಸುವಷ್ಟು ಸರಿಹೊಂದಿತು.

ನಮ್ಮ ಬದಲಾವಣೆಗಳಲ್ಲಿ ಕಷ್ಟವಾದದ್ದು ಅಡುಗೆಯಲ್ಲ, ಊಟವಾದ ತಕ್ಷಣದ ಟೀ ಬಿಟ್ಟದ್ದು. ಅದನ್ನು ಒಂದೂವರೆ ಗಂಟೆ ಮುಂದಕ್ಕೆ ಹಾಕಿದ್ದೇವೆ. ಮೂರು ತಿಂಗಳ ಮೇಲೆ 11.8ರವನು ಮತ್ತೆ ಟೆಸ್ಟ್ ಮಾಡಿಸಿದ, 12.9 ಬಂತು. ಮಾತ್ರೆಯ ಪಾಲೇ ದೊಡ್ಡದು, ಪಾಲಕ್ ಪಾಲು ಚಿಕ್ಕದು ಅಂತ ಅವನೇ ಒಪ್ಪಿಕೊಳ್ಳುತ್ತಾನೆ. 12.1ರವನು ಇನ್ನೂ ಹೋಗಿಲ್ಲ, ಸೂಜಿ ಅಂದರೆ ಭಯ ಅಂತೆ. ಇವತ್ತು ರಾತ್ರಿ ಬೀನ್ಸ್ ಒರೆಸುವ ಪಾಳಿ ಅವನದೇ.