ಮಣ್ಣಿನ ಚೀಟಿ ಟ್ರಂಕಿನಿಂದ ಅಂಗಳಕ್ಕೆ ಬರಲಿ

"ಚೀಟಿ ಏನೋ ಬಂತ್ರೀ, ಆದ್ರ ಹೊಲಕ್ಕ ಏನ್ ಹಾಕಬೇಕಂತ ತಿಳೀಲಿಲ್ಲ." ಮಣ್ಣು ಆರೋಗ್ಯ ಚೀಟಿ ಕೈಗೆ ಬಂದಾಗ ಸಂಗೊಳ್ಳಿ ಕಡೆ ಕೇಳುವ ಮಾತಿದು. ತಪ್ಪು ರೈತರದ್ದಲ್ಲ. 2015ರಲ್ಲಿ ಶುರುವಾದ ಈ ಚೀಟಿಯಲ್ಲಿ ರಸಸಾರ, ಲವಣಾಂಶದಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಕಿಗಳು. ಅಷ್ಟನ್ನೂ ತಲೆಯಲ್ಲಿಟ್ಟು ಹೋಲಿಸುವುದು ಯಾರಿಗೂ ಕಷ್ಟವೇ. ಕಣ್ಣಿಗಾದರೆ ಸುಲಭ.

ಫ್ರಾನ್ಸಿನ ನಕ್ಷೆತಜ್ಞ ಜಾಕ್ ಬರ್ಟಿನ್ 1960ರ ದಶಕದಲ್ಲೇ ಇದಕ್ಕೊಂದು ಉಪಾಯ ಹೂಡಿದ್ದರು. ಅಂಕಿಗಳ ಬದಲು ಕಪ್ಪು-ಬಿಳುಪು ತುಂಡುಗಳನ್ನು ಜೋಡಿಸಿ, ಸಾಲುಗಳನ್ನು ಕೈಯಿಂದಲೇ ಹಿಂದೆ ಮುಂದೆ ಸರಿಸುವುದು. ಸರಿಸಿದಂತೆ ಒಂದೇ ತರಹದವು ಒಂದೆಡೆ ಕೂಡುತ್ತವೆ. ಇಂದು ಕಂಪ್ಯೂಟರಿನ ಪರದೆ ಮೇಲೆ ಮಾಡುವುದೂ ಇದನ್ನೇ.

ನಮಗೆ ಮನೆಯ ಅಂಗಳ ಸಾಕು. ಓಣಿಯ ಹತ್ತು ಮಂದಿ ಚೀಟಿ ತರಲಿ. ಹೊಲಕ್ಕೊಂದು ರಟ್ಟಿನ ಪಟ್ಟಿ, ಪಟ್ಟಿಗೆ 12 ಮನೆ. ಕೊರತೆಯಿದ್ದ ಮನೆಗೆ ಕಪ್ಪು ಬಳಿಯಿರಿ. ಸತುವಿಗೆ ಗಡಿ ಕಿಲೋ ಮಣ್ಣಿಗೆ 0.6 ಮಿಲಿಗ್ರಾಂ. ರಸಸಾರ 8 ದಾಟಿದ್ದರೆ, ಲವಣಾಂಶ ಹೆಚ್ಚಿದ್ದರೆ ಆ ಮನೆಗೆ ಕೆಂಪು.

ಮೊದಲು ರಸಸಾರ ಕೆಂಪಾದ ಪಟ್ಟಿಗಳನ್ನೆಲ್ಲ ಮೇಲಕ್ಕೆ ಸರಿಸಿ. ಸತು, ಕಬ್ಬಿಣದ ಕಪ್ಪು ಮನೆಗಳೂ ಅಲ್ಲೇ ಗುಂಪುಗೂಡಿದವೇ? ಎರೆ ಮಣ್ಣಿನಲ್ಲಿ ರಸಸಾರ ಏರಿದಂತೆ ಇವು ಬೇರಿಗೆ ದಕ್ಕುವುದು ಕಮ್ಮಿ. ಬೆಳೆ ಹಳದಿಯಾಯಿತೆಂದು ಡಿಎಪಿ ಸುರಿದರೆ ದುಡ್ಡೂ ಹೋಯಿತು, ರಂಜಕ ಅತಿಯಾಗಿ ಸತುವಿನ ಕೊರತೆಯೂ ಬೆಳೆಯಿತು.

ಇನ್ನೊಮ್ಮೆ ಲವಣಾಂಶ ನೋಡಿ ಸರಿಸಿ. ಕೆಂಪು ಪಟ್ಟಿಗಳೆಲ್ಲ ತಗ್ಗಿನ ಕಬ್ಬಿನ ಹೊಲದವೇ ಆಗಿದ್ದರೆ ಸವಳಿನ ಸಂಶಯ. ಅಲ್ಲಿ ಗೊಬ್ಬರಕ್ಕಿಂತ ಮೊದಲು ಬಸಿಗಾಲುವೆಯ ವಿಚಾರ ಮಾಡಬೇಕು.

ಒಂದು ಎಚ್ಚರ. ಯೋಜನೆಯ ಮೊದಲ ವರ್ಷಗಳಲ್ಲಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ ತೆಗೆಯುವ ಪದ್ಧತಿಯಿತ್ತು. ಹಳೆ ಚೀಟಿಯ ಅಂಕಿ ನಿಮ್ಮ ಬದುವಿನಾಚೆಯ ಮಣ್ಣಿನದಾಗಿರಬಹುದು. ಪಕ್ಕದ ಎರಡು ಪಟ್ಟಿ ತದ್ರೂಪ ಕಂಡರೆ ಎರಡು ಸಾಕ್ಷಿ ಎಂದು ಎಣಿಸಬೇಡಿ. ಅಂಥ ಹೊಲದ ಮಣ್ಣು ಇನ್ನೊಮ್ಮೆ ಪರೀಕ್ಷೆಗೆ ಹೋಗಲಿ.

ಪಟ್ಟಿಗಳಲ್ಲಿ ಗುಂಪು ಕಂಡಿತೆಂದು ಅಂಗಡಿಗೆ ಓಡುವುದೂ ಬೇಡ. ನಾಲ್ಕು ಸಾಲಿಗೆ ಸತುವಿನ ಸಲ್ಫೇಟ್ ಕೊಡಿ, ನಾಲ್ಕು ಸಾಲು ಹಾಗೇ ಬಿಡಿ. ಸುಗ್ಗಿಯಲ್ಲಿ ಬೇರೆ ಬೇರೆ ತೂಗಿ. ಪಟ್ಟಿ ತೋರಿಸಿದ್ದು ಖರೆಯೋ ಸುಳ್ಳೋ ಹೊಲವೇ ಹೇಳುತ್ತದೆ.